ನಲವತ್ತಕ್ಕೆ ಇಳಿಸಿದ ದಿನ

ಬೂಟಿನ ದಾರ ಕಟ್ಟಲು ಬಗ್ಗಿದ್ದಾಗ ಹೆಂಡತಿ ಹಿಂದಿನಿಂದ, ಆಗಷ್ಟೇ ನೆನಪಾಯಿತೆಂಬಂತೆ, "ಕಿವಿಯಣ್ಣನ ಹೆಂಡ್ತಿ ನಿನ್ನೆ ಔಷಧಿ ಅಂಗಡೀಲಿ ಸಿಕ್ಕಿದ್ರು. ನಾನು ನಕ್ಕೆ. ಅವರು ನಗ್ಲಿಲ್ಲ," ಎಂದಳು. ಅವನು ದಾರವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದ. "ನೋಡಿರಲ್ಲ ಬಿಡು." "ನೋಡಿದ್ರು. ನೋಡಿಯೇ ಆ ಕಡೆ ತಿರುಗಿದ್ದು. ಇಪ್ಪತ್ತು ವರ್ಷದ ಪರಿಚಯ, ನಮ್ಮ ಮಗಳನ್ನ ಎತ್ತಿ ಆಡಿಸಿದವರು. ನೀವು ಅವರಿಗೆ ಏನಾದ್ರೂ ಮಾಡಿದ್ರಾ?" "ನಾನೇನು ಮಾಡ್ಲಿ ಅವರಿಗೆ?" ಎಂದು ರೇಗಿ ಹೊರಟುಬಿಟ್ಟ. ರೇಗಲೆಂದು ಆಡಿದ ಮಾತು, ದನಿ ಸ್ವಲ್ಪ ತಗ್ಗಿದ್ದರೆ ಅವರಿಗಾಗಿ ಈಗ ಏನು ಮಾಡಲಿ ಎಂಬ ನಿಜವಾದ ಪ್ರಶ್ನೆಯೇ ಆಗುತ್ತಿತ್ತಲ್ಲ ಎಂದು ಗೇಟು ದಾಟುವಾಗ ಹೊಳೆಯಿತು. ವಾಪಸ್ಸು ಹೋಗಿ ಅದನ್ನೇ ಮೆಲ್ಲಗೆ ಕೇಳಬಹುದಿತ್ತು. ಆದರೆ ತಿರುವಿನಲ್ಲಿ ವಿದ್ಯುತ್ ಸ್ಥಾವರದ ಬಸ್ಸು ಬಂದು ನಿಂತಿತ್ತು. ಚಾಲಕ ಅವನಿಗಾಗಿ ಹಾರ್ನ್ ಒತ್ತುತ್ತಿದ್ದ.

ಬಸ್ಸಿನಲ್ಲಿ ಎಂದಿನ ಕಿಟಕಿಯ ಪಕ್ಕ ಕೂತ. ಎರಡು ಚಿಮಣಿಗಳು ದೂರದಿಂದಲೇ ಕಾಣುತ್ತಿದ್ದವು. ಒಂದರಿಂದ ತೆಳ್ಳಗೆ ಹೊಗೆ, ಇನ್ನೊಂದು ಖಾಲಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗಿರಲಿಲ್ಲ. ಒಮ್ಮೆ ಬೆಂಕಿ ಹಚ್ಚಿದರೆ ಇನ್ನೂರು ದಿನ ಅದೇ ಐನೂರು ಮೆಗಾವ್ಯಾಟ್, ಮುಳ್ಳು ಅಲ್ಲಾಡುತ್ತಿರಲಿಲ್ಲ, ಪಾಳಿಯವರು ಪರದೆಯ ಮುಂದೆ ಕೂತು ಪದಬಂಧ ಬಿಡಿಸುತ್ತಿದ್ದರು. ಈಗ ಸುತ್ತಲೂ ಎಕರೆಗಟ್ಟಲೆ ಸೌರ ಫಲಕಗಳು ಬಂದಿವೆ. ಬಿಸಿಲೇರಿದ ಹಾಗೆ ವಿದ್ಯುತ್ ಹಂಚಿಕೆ ನೋಡುವ ಲೋಡ್ ಡಿಸ್ಪ್ಯಾಚಿನಿಂದ ಫೋನು ಬರುತ್ತದೆ, ಇಳಿಸಿ, ಇನ್ನೂ ಇಳಿಸಿ ಎಂದು. ಬಿಸಿಲು ಕಂತಿದ ಕೂಡಲೇ ಏರಿಸಿ, ಬೇಗ ಏರಿಸಿ. ಜಾಲದಲ್ಲಿ ಬೇಡಿಕೆ ಎಷ್ಟೋ ಅಷ್ಟೇ ವಿದ್ಯುತ್ತು ಇರಬೇಕು, ಒಂದು ಕೂದಲೆಳೆ ಹೆಚ್ಚಾದರೂ ಕಡಿಮೆಯಾದರೂ ಎಲ್ಲವೂ ತೂಗಾಡುತ್ತದೆ. ಸೂರ್ಯನಿಗೆ ಹೇಳುವಂತಿಲ್ಲವಾದ್ದರಿಂದ ಕಲ್ಲಿದ್ದಲಿಗೆ ಹೇಳುತ್ತಾರೆ. ದಿನಾ ಕಾದು ದಿನಾ ಆರಿದರೆ ಬಾಯ್ಲರಿನ ಒಳಗಿನ ನೀರು, ಉಗಿ ಹರಿಯುವ ಸಾವಿರಾರು ಟ್ಯೂಬುಗಳು ಹಿಗ್ಗುತ್ತವೆ, ಕುಗ್ಗುತ್ತವೆ, ಎಲ್ಲೋ ಒಂದು ಬೆಸುಗೆಯ ಬಳಿ ಕೂದಲಿನಂಥ ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಉಗಿ ಸೋರುವ ಸದ್ದನ್ನು ಫ್ಯಾನುಗಳ ಆರ್ಭಟದ ನಡುವೆಯೂ ಹಿಡಿಯಬಲ್ಲವನಾದ್ದರಿಂದಲೇ ಅವನ ಪಾಳಿಯ ಬಾಯ್ಲರ್ ಆಪರೇಟರನಿಗೆ ಕಿವಿಯಣ್ಣ ಎಂದು ಹೆಸರು ಬಿದ್ದದ್ದು. ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇತ್ತು.

ಕಂಟ್ರೋಲ್ ರೂಮಿನಲ್ಲಿ ಆಗಲೇ ಹೆಚ್ಚುವರಿ ಕುರ್ಚಿಗಳನ್ನು ಹಾಕಿದ್ದರು. ಮುಖ್ಯ ಇಂಜಿನಿಯರರು, ಜತೆಗೆ ಕೇಂದ್ರ ಕಚೇರಿಯಿಂದ ಬಂದ ಇಬ್ಬರು. "ಇವತ್ತು ನಲವತ್ತು ಪರ್ಸೆಂಟ್," ಎಂದರು ಮುಖ್ಯ ಇಂಜಿನಿಯರರು, ಮದುವೆ ಮನೆಯ ಯಜಮಾನನ ಉತ್ಸಾಹದಲ್ಲಿ. "ಇಲ್ಲೀವರೆಗೆ ಐವತ್ತೈದಕ್ಕಿಂತ ಕೆಳಗೆ ಹೋಗಿಲ್ಲ ನಾವು. ಬೆಂಕಿ ಹಿಡಿದಿಡೋಕೆ ಎಣ್ಣೆ ಹಾಕದೆ, ಬರೀ ಕಲ್ಲಿದ್ದಲಲ್ಲಿ, ಎರಡು ಗಂಟೆ ನಿಲ್ಲಿಸಿ ತೋರಿಸ್ಬೇಕು. ಆಗಲ್ಲ ಅಂದ್ರೆ ಮಧ್ಯಾಹ್ನ ಮುಚ್ಚಿ ಅಂತಾರೆ ನಮ್ಮನ್ನ." ಡೆಸ್ಕ್ ಇಂಜಿನಿಯರ್, ಇಬ್ಬರು ಮಕ್ಕಳ ತಾಯಿ, ಪರದೆಯಿಂದ ಕಣ್ಣು ತೆಗೆಯದೆ, "ಅಷ್ಟು ಕಡಿಮೇಲಿ ಬೆಂಕಿ ನಡುಗುತ್ತೆ ಸಾರ್. ಇಲ್ಲಿ ಸಿಗ್ನಲ್ ಬರೋದಕ್ಕೆ ಮುಂಚೆ ಬಾಯ್ಲರ್ ಕಿಂಡೀಲಿ ಕಣ್ಣಿಟ್ಟು ನೋಡಿ ಹೇಳೋರು ಒಬ್ಬರು ಬೇಕು," ಎಂದಳು. ಯಾರು ಎಂಬುದು ಎಲ್ಲರಿಗೂ ಗೊತ್ತಿತ್ತು. ಮುಖ್ಯ ಇಂಜಿನಿಯರರು ಪಾಳಿಯ ಮುಖ್ಯಸ್ಥನಾದ ಅವನ ಕಡೆ ತಿರುಗಿ, "ಬೂದಿ ಸಾಗಿಸೋ ಕಡೆ ಹಾಕಿದೀವಲ್ಲ, ಅವನನ್ನೇ ಕರೆಸಿ. ಒಂದು ದಿನದ ಮಟ್ಟಿಗೆ. ನೀವೇ ಫೋನ್ ಮಾಡಿ, ನಿಮ್ಮ ಮಾತು ಕೇಳ್ತಾನೆ," ಎಂದರು.

ಕಿವಿಯಣ್ಣ ಅರ್ಧ ಗಂಟೆಯಲ್ಲಿ ಬಂದ. ಹುಬ್ಬಿನ ಮೇಲೆ, ಕಿವಿಯ ಸುರುಳಿಯಲ್ಲಿ ಬೂದಿ. ಅಂಗಿಯ ಎಡತೋಳು ಮಡಿಚಿತ್ತು, ಬಲತೋಳು ಮಣಿಕಟ್ಟಿನವರೆಗೆ ಗುಂಡಿ ಹಾಕಿತ್ತು. "ಬಂದೆ ಸಾರ್," ಎಂದ. ಅಷ್ಟೇ. ಕುರ್ಚಿ ತೋರಿಸಿದರೆ ಕೂರಲಿಲ್ಲ. ಅವನು ವಾಕಿ-ಟಾಕಿ ಚಾಚಿದಾಗ ಕಿವಿಯಣ್ಣ ಎಡಗೈಯಲ್ಲಿ ತೆಗೆದುಕೊಂಡ, ಅದು ಅವನು ಕೆಲಸಕ್ಕೆ ಬಳಸುವ ಕೈಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ಕೈ ಹೇಗಿದೆ?" ಎಂದು ಕೇಳಬೇಕೆಂದುಕೊಂಡವನು "ನೀರು ಕುಡೀತೀಯಾ?" ಎಂದ. "ಕುಡಿದೇ ಬಂದೆ ಸಾರ್." ಅವತ್ತೂ ಹೀಗೆಯೇ ಕೈಗೆ ವಾಕಿ-ಟಾಕಿ ಕೊಟ್ಟಿದ್ದ. ಆರು ವಾರದ ಹಿಂದೆ. ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು ಬಂದು ಕೂತಿದ್ದನಷ್ಟೇ, ಗರಗರ ಸದ್ದಿನ ನಡುವೆ ಕಿವಿಯಣ್ಣನ ದನಿ: "ಸಾರ್, ಎಡಗಡೆ ಮೂರನೇ ಮಹಡೀಲಿ ಸಣ್ಣಗೆ ಸೀಟಿ ಊದ್ದಂಗೆ ಕೇಳ್ತಿದೆ. ಟ್ಯೂಬ್ ಅನ್ಸುತ್ತೆ." ಪರದೆಯಲ್ಲಿ ಬಾಯ್ಲರಿಗೆ ತುಂಬಿಸುವ ಮೇಕಪ್ ನೀರಿನ ಅಂಕಿಯೂ ಸ್ವಲ್ಪ ಸ್ವಲ್ಪವೇ ಮೇಲೇರುತ್ತಿತ್ತು, ಎಲ್ಲೋ ನೀರು ಸೋರದೆ ಅದು ಏರುವುದಿಲ್ಲ. ಸಂಜೆ ಪೂರ್ತಿ ಲೋಡು ಕೊಡುತ್ತೇವೆಂದು ಬೆಳಿಗ್ಗೆ ಮಾತು ಕೊಟ್ಟಾಗಿತ್ತು. ಹಿಂದಿನ ವಾರವಷ್ಟೇ ಇನ್ನೊಂದು ಪಾಳಿಯವನು ಸುಳ್ಳು ಅನುಮಾನಕ್ಕೆ ಯೂನಿಟ್ ನಿಲ್ಲಿಸಿ, ಸಭೆಯಲ್ಲಿ ಎಲ್ಲರೆದುರು ಮಂಗನಾಗಿದ್ದ. "ಮಸಿ ಊದೋ ಬ್ಲೋಯರ್ ಸದ್ದಿರ್ಬೇಕು ಬಿಡು. ಸಂಜೆ ಕಳೀಲಿ, ನೋಡೋಣ," ಎಂದಿದ್ದ ಅವನು. ಎಷ್ಟು ಹಗುರವಾಗಿ ಬಂದಿತ್ತು ಮಾತು! ಸಂಜೆ ಐದೂವರೆಗೆ ಅಂಕಿ ಇನ್ನೂ ಏರಿದಾಗ ತಾನೇ ಎದ್ದು ಹೋಗಬೇಕು ಅನಿಸಿತ್ತು, ಎದ್ದೂ ನಿಂತಿದ್ದ, ಆಮೇಲೆ ಮೈಕ್ ಎತ್ತಿಕೊಂಡು, "ಇನ್ನೊಂದ್ಸಲ ಹೋಗಿ ಕೇಳ್ಕೊಂಡು ಬಾ," ಎಂದಿದ್ದ. ಕಿವಿಯಣ್ಣ ಕಿಂಡಿಯ ಮುಚ್ಚಳ ತೆಗೆಯುವುದಕ್ಕೂ ಒಳಗೆ ಟ್ಯೂಬು ಒಡೆಯುವುದಕ್ಕೂ ಸರಿಹೋಯಿತು. ನುಗ್ಗಿದ ಉಗಿಗೆ ಅವನ ಬಲತೋಳು ಬೆಂದಿತ್ತು.

ಆಮೇಲೆ ನಡೆದ ವಿಚಾರಣೆಗೆ ಮೂವರು ಕೂತಿದ್ದರು. ಮೇಜಿನ ಮೇಲೆ ಬಿಸ್ಕತ್ತಿನ ತಟ್ಟೆ. "ಮಧ್ಯಾಹ್ನವೇ ನಿಮಗೆ ತಿಳಿಸಿದ್ದೆ ಅಂತ ಆ ಮನುಷ್ಯ ಆಸ್ಪತ್ರೆಯಲ್ಲಿ ಹೇಳಿಕೆ ಕೊಟ್ಟಿದ್ದಾರೆ. ತಿಳಿಸಿದ್ರಾ?" ವಾಕಿ-ಟಾಕಿಯ ಮಾತು ಎಲ್ಲೂ ದಾಖಲಾಗುವುದಿಲ್ಲ. ಪಾಳಿ ಪುಸ್ತಕದಲ್ಲಿ ಅವನು ಬರೆದಿರಲಿಲ್ಲ. ಆ ಕ್ಷಣ ಬಿಸ್ಕತ್ತಿನ ಮೇಲೆ ಅಚ್ಚಾದ ಹೂವನ್ನು ನೋಡುತ್ತಿದ್ದುದು ಈಗಲೂ ನೆನಪಿದೆ, ಎಂಟು ದಳ. "ಇಲ್ಲ. ನನಗೆ ತಿಳಿಸ್ಲಿಲ್ಲ." ಅವರಲ್ಲೊಬ್ಬ ತಲೆದೂಗಿ ಬರೆದುಕೊಂಡ. ಸುಳ್ಳು ಹೇಳುವಾಗ ನಾಲಿಗೆ ತಡವರಿಸುತ್ತದೆ ಎನ್ನುತ್ತಾರೆ. ತಡವರಿಸಲೇ ಇಲ್ಲ. ಮೊದಲೇ ತಿಳಿಸಲಿಲ್ಲವೆಂದು ಕಿವಿಯಣ್ಣನನ್ನು ಬೂದಿ ಕಡೆಗೆ ಹಾಕಿದರು.

"ಸಾರ್, ಶುರು ಮಾಡ್ಲಾ?" ಡೆಸ್ಕ್ ಇಂಜಿನಿಯರ್ ಎರಡನೇ ಸಲ ಕೇಳುತ್ತಿದ್ದಳು. "ಮಾಡಮ್ಮ." ಕಿವಿಯಣ್ಣ ಆಗಲೇ ಮೇಲೆ ಬಾಯ್ಲರಿನ ಕಿಂಡಿಯ ಬಳಿ ಹೋಗಿ ನಿಂತಿದ್ದ. ಇನ್ನೂರ ಎಪ್ಪತ್ತೈದು ಮೆಗಾವ್ಯಾಟ್. ಇನ್ನೂರ ಐವತ್ತು. ಕಲ್ಲಿದ್ದಲು ಅರೆಯುವ ಮಿಲ್ಲುಗಳಲ್ಲಿ ಒಂದನ್ನು ನಿಲ್ಲಿಸಿದರು. ಇನ್ನೂರ ಮೂವತ್ತಕ್ಕೆ ಬಂದಾಗ ಎರಡನೇ ಮೂಲೆಯ ಜ್ವಾಲೆಯ ಗುರುತು ಪರದೆಯಲ್ಲಿ ಮಿಣುಕಿತು. ಕೇಂದ್ರ ಕಚೇರಿಯವರಲ್ಲೊಬ್ಬರು ಕುರ್ಚಿಯ ತುದಿಗೆ ಬಂದರು. "ಕಿವಿಯಣ್ಣ, ಏನ್ ಕಾಣಿಸ್ತಿದೆ?" ಎಂದು ಅವನು ಮೈಕಿನಲ್ಲಿ ಕೇಳಿದ. "ಹಳದಿ ಇದೆ ಸಾರ್. ಎರಡನೇ ಮೂಲೇಲಿ ಗಾಳಿ ಜಾಸ್ತಿ ಆಯ್ತು, ಬೆಂಕೀನ ದೂರ ತಳ್ತಿದೆ. ಸ್ವಲ್ಪ ಮುಚ್ಚಿಸಿ... ಇನ್ನೂ ಸ್ವಲ್ಪ... ಸಾಕು. ಈಗ ಬರ್ನರ್ ಮೂತಿಗೆ ಅಂಟ್ಕೊಂಡು ಉರೀತಿದೆ." ಮಿಣುಕು ನಿಂತಿತು. ಆ ದನಿಯಲ್ಲಿ ಕೋಪವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಬೈದಿದ್ದರೆ, ಒಂದು ಕುಹಕವಾಡಿದ್ದರೆ, ತಾನೂ ಸಿಟ್ಟಾಗಿ ಹಗುರಾಗಬಹುದಿತ್ತು. ಇನ್ನೂರ ಹತ್ತು. ಹನ್ನೆರಡು ಗಂಟೆ ಐದು ನಿಮಿಷಕ್ಕೆ ಸರಿಯಾಗಿ ಇನ್ನೂರು. ಮುಖ್ಯ ಇಂಜಿನಿಯರರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು, ಯಾರೋ ಟೀ ತರಲು ಹೇಳಿದರು. "ಒಂದು ತೊಟ್ಟು ಎಣ್ಣೆ ಹಾಕ್ಲಿಲ್ಲ ನೋಡಿ," ಎಂದು ಮುಖ್ಯ ಇಂಜಿನಿಯರರು ಅವನ ಬೆನ್ನು ತಟ್ಟಿದಾಗ ಅವನ ಮೈ ಸಣ್ಣಗೆ ಹಿಂದೆ ಸರಿಯಿತು. ಟೀಯ ಮೇಲೆ ಕೆನೆ ಕಟ್ಟುವುದನ್ನೇ ನೋಡುತ್ತ ಕೂತ. ಮೇಲೆ, ಬಿಸಿಗೆ ಉಗುಳೂ ಒಣಗುವ ಆ ಜಾಗದಲ್ಲಿ ನಿಂತವನಿಗೆ ಟೀ ಕಳಿಸಿ ಎಂದು ಯಾರೂ ಹೇಳಲಿಲ್ಲ. ಅವನೂ ಹೇಳಲಿಲ್ಲ.

ಮುಕ್ಕಾಲು ಗಂಟೆ ಕಳೆದಿರಬೇಕು. ವಾಕಿ-ಟಾಕಿ ಕರಕರ ಎಂದಿತು. "ಸಾರ್, ಒಂದು ಸದ್ದಿದೆ. ಬಲಗಡೆ, ನಾಲ್ಕನೇ ಮಹಡಿ."

ಅವನು ಎದ್ದು ನಿಂತ. ಟೀ ಲೋಟ ಎಲ್ಲಿಟ್ಟನೋ ತಿಳಿಯಲಿಲ್ಲ. ಕೋಣೆಯಲ್ಲಿ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನಿಸಿತು, ಆದರೆ ಮುಖ್ಯ ಇಂಜಿನಿಯರರು ಫೋನಿನಲ್ಲಿ ನಗುತ್ತಿದ್ದರು. "ಎಂಥಾ ಸದ್ದು?" "ಸುಯ್ ಅಂತಿದೆ ಸಾರ್. ಬಿಟ್ಟು ಬಿಟ್ಟು ಬರ್ತಿಲ್ಲ, ಒಂದೇ ಸಮ. ನೀವೊಂದ್ಸಲ ಬಂದು ಕೇಳಿದ್ರೆ ಒಳ್ಳೇದು." ಡೆಸ್ಕ್ ಇಂಜಿನಿಯರ್ ಆಗಲೇ ಪರದೆ ಬದಲಿಸಿದ್ದಳು. "ಮೇಕಪ್ ನೀರು ಇದ್ದ ಹಾಗೇ ಇದೆ ಸಾರ್. ಒಂದು ಚೂರೂ ಏರಿಲ್ಲ. ಟ್ಯೂಬ್ ಆಗಿರ್ಲಿಕ್ಕಿಲ್ಲ, ಐದು ನಿಮಿಷ ನೋಡೋಣ." ನೋಡೋಣ. ತನ್ನ ಬಾಯಿಂದಲೇ ಬಂದಿದ್ದ ಮಾತು ಇವಳ ಬಾಯಲ್ಲಿ ಕೇಳಿ ಅವನ ಕತ್ತಿನ ಹಿಂದೆ ಬೆವರೊಡೆಯಿತು. ಮತ್ತೆ ಅದೇ, ಅದೇ ಮನುಷ್ಯ, ಅದೇ ದನಿ, ಮತ್ತೆ ಕಿಂಡಿಯ ಎದುರು ಆ ಕೈ. ಬಂದು ಕೇಳಿ ಎನ್ನುವುದರಲ್ಲಿ, ಅವತ್ತು ಬರಲಿಲ್ಲವಲ್ಲ ಎಂಬುದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು, ಬೇರೇನೂ ಕೇಳಿಸಲಿಲ್ಲ. ಮೈಕ್ ಎತ್ತಿ, ಕೋಣೆಗೆಲ್ಲ ಕೇಳುವಂತೆ, "ಕೇಳಿಸ್ತು ನನಗೆ! ನೀನು ಹೇಳಿದ್ದು ಕೇಳಿಸ್ತು! ಎಲ್ಲಾ ಕೆಳಗಿಳೀರಿ, ಅಲ್ಲಿ ಯಾರೂ ನಿಲ್ಬೇಡಿ!" ಎಂದು ಕೂಗಿದ. "ಸಾರ್, ಒಂದ್ನಿಮಿಷ..." ಎಂದು ಅವಳು ಕೈಚಾಚುವಷ್ಟರಲ್ಲಿ ಎರಡು ಹೆಬ್ಬೆರಳುಗಳಿಂದ ಯೂನಿಟ್ ನಿಲ್ಲಿಸುವ ಎರಡು ಕೆಂಪು ಗುಂಡಿಗಳನ್ನು ಒಟ್ಟಿಗೆ ಒತ್ತಿದ್ದ.

ಅಲಾರಂಗಳು ಬಾಯಿ ಬಡಿದುಕೊಂಡವು. ಬಾಯ್ಲರಿನ ನೆತ್ತಿಯ ಸೇಫ್ಟಿ ವಾಲ್ವು ತೆರೆದು ಇಡೀ ಕಟ್ಟಡ ನಡುಗುವಂತೆ ಅರಚಿತು. ಇನ್ನೂರು ಇದ್ದ ಜಾಗದಲ್ಲಿ ಸೊನ್ನೆ. ಮುಖ್ಯ ಇಂಜಿನಿಯರರು ಫೋನು ಕಿವಿಗಿಟ್ಟುಕೊಂಡೇ ಬಾಯಿ ತೆರೆದು ನಿಂತಿದ್ದರು. ಅವನಿಗೆ ಮಾತ್ರ, ಆರು ವಾರಗಳಲ್ಲಿ ಮೊದಲ ಸಲ, ಉಸಿರು ಹೊಟ್ಟೆಯ ತಳದವರೆಗೆ ಇಳಿದಂತಾಯಿತು. ಕಣ್ಣಲ್ಲಿ ನೀರು ಬಂತು. ಇಗೋ, ಈ ಸಲ ಕೇಳಿದೆ, ಈ ಸಲ ನಂಬಿದೆ. ಲೋಡ್ ಡಿಸ್ಪ್ಯಾಚಿನಿಂದ ಬಂದ ಫೋನಿಗೆ ಬಹುತೇಕ ಹೆಮ್ಮೆಯಿಂದ, "ಟ್ಯೂಬ್ ಲೀಕ್. ಸಂಜೆಗೆ ನಮ್ಮಿಂದ ಏನೂ ಸಿಗಲ್ಲ," ಎಂದ. ಆ ಕಡೆಯ ಹೆಣ್ಣುದನಿ, "ಐನೂರು ಪೂರ್ತಿನಾ ಸಾರ್?" ಎಂದಿತು. "ಪೂರ್ತಿ." "ಆಯ್ತು. ಕೆಲವು ಕಡೆ ಕರೆಂಟ್ ತೆಗೀಬೇಕಾಗುತ್ತೆ ಹಾಗಾದ್ರೆ." ಆ ಕೆಲವು ಕಡೆಗಳ ಬಗ್ಗೆ ಯೋಚಿಸುವಷ್ಟು ಅವನ ಮನಸ್ಸಿನಲ್ಲಿ ಜಾಗವಿರಲಿಲ್ಲ.

ಒಂದೂವರೆಗೆ ರಿಪೇರಿ ವಿಭಾಗದ ಮೇಸ್ತ್ರಿ ಮೇಲಿಂದ ಫೋನು ಮಾಡಿದ. ಸ್ಪೀಕರಿನಲ್ಲಿ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು. "ಸಾರ್, ಟ್ಯೂಬೆಲ್ಲ ಗಟ್ಟಿಮುಟ್ಟಾಗಿವೆ. ಸದ್ದು ಬರ್ತಿರೋದು ಒಳಗೆ ಇಳಿಯೋ ಬಾಗಿಲಿಂದ. ಬಾಗಿಲ ಅಂಚಿನ ಗ್ಯಾಸ್ಕೆಟ್ ಹರಿದಿದೆ, ಹೊರಗಿನ ಗಾಳೀನ ಒಳಗೆ ಎಳ್ಕೊಳ್ತಿದೆ. ಪೇಪರ್ ತುಂಡು ಹಿಡಿದ್ರೆ ಬಾಗಿಲಿಗೇ ಅಂಟ್ಕೊಳ್ತು. ಒದ್ದೆ ಗೋಣಿ ಒತ್ತಿದೆ, ಸದ್ದು ಬಂದ್." ಯಾರೋ ಹಿಂದಿನಿಂದ, "ಕಿವಿಗೂ ವಯಸ್ಸಾಯ್ತು," ಎಂದರು, ಒಂದಿಬ್ಬರು ನಕ್ಕರು. ಡೆಸ್ಕ್ ಇಂಜಿನಿಯರ್ ನಗಲಿಲ್ಲ. ಅವನನ್ನೊಮ್ಮೆ ನೋಡಿ, ಮತ್ತೆ ಬೆಂಕಿ ಹಚ್ಚುವುದಕ್ಕೆ ಬೇಕಾದ ಪಟ್ಟಿ ತೆಗೆದು, "ಎರಡಕ್ಕೆ ಹಚ್ಚಿದ್ರೆ ಏಳು ಗಂಟೆಗೆ ಅರ್ಧವಾದ್ರೂ ಕೊಡ್ಬಹುದು," ಎಂದಳು, ಯಾರಿಗೂ ಅಲ್ಲದಂತೆ. ಹಚ್ಚಲು ಈಗ ಎಣ್ಣೆ ಬೇಕು, ತೊಟ್ಟಲ್ಲ, ಟ್ಯಾಂಕರುಗಟ್ಟಲೆ. ಐದು ನಿಮಿಷ ನೋಡೋಣ ಎಂದಿದ್ದಳು ಅವಳು. ಅಂಕಿ ತೋರಿಸಿದ್ದಳು. ಅವತ್ತು ಅಂಕಿ ಕಣ್ಣೆದುರು ಏರುತ್ತಿದ್ದರೂ ತನಗೆ ಕಂಡಿರಲಿಲ್ಲ, ಇವತ್ತು ಏರದೆ ನಿಂತಿದ್ದೂ ಕಾಣಲಿಲ್ಲ. ಹಾಗಾದರೆ ಆ ಗುಂಡಿ ಒತ್ತಿದ್ದು ಯಾರಿಗಾಗಿ? ಹೊಟ್ಟೆಯ ತಳಕ್ಕಿಳಿದ ಉಸಿರು ನೆನಪಾಗಿ ನಾಚಿಕೆಯಿಂದ ಕಿವಿಯ ಹಾಲೆಗಳು ಬಿಸಿಯಾದವು.

ಮೂರು ಗಂಟೆಗೆ ಮುಖ್ಯ ಇಂಜಿನಿಯರರು ಕೋಣೆಗೆ ಕರೆದರು. ಬೈಗುಳ ಬೀಳುತ್ತದೆಂದು ಹೋದರೆ ಕೂರಲು ಹೇಳಿ ಬಾಗಿಲು ಮುಚ್ಚಿದರು. "ನೋಡಿ, ನಿಮ್ಮ ತಪ್ಪೇನಿಲ್ಲ. ಅವನು ಲೀಕ್ ಅಂದ, ನೀವು ನಂಬಿದ್ರಿ. ಆ ಸಲ ಹೇಳ್ದೇ ಇದ್ದ, ಈ ಸಲ ಇಲ್ಲದ್ದು ಹೇಳ್ದ. ಎರಡು ಸಲ ಆಯ್ತಲ್ಲ, ಇನ್ನು ಅವನನ್ನ ಇಟ್ಕೊಳ್ಳೋಕಾಗಲ್ಲ. ಇಲ್ಲೊಂದು ಸಹಿ ಹಾಕಿ." ಕಿವಿಯಣ್ಣನ ಮೇಲೆ ಟೈಪು ಮಾಡಿದ ಅರ್ಧ ಪುಟದ ದೂರು. ಶಾಯಿ ಇನ್ನೂ ಬೆಚ್ಚಗಿದೆ ಅನಿಸಿತು. ಪೆನ್ನು ಕೂಡ ಅವರೇ ಮುಚ್ಚಳ ತೆಗೆದು ಕೊಟ್ಟರು. ಇಷ್ಟು ಸುಲಭ. ಮಗಳ ಮದುವೆ ಗೊತ್ತಾಗಿದೆ, ನಿವೃತ್ತಿಗೆ ಮೂರು ವರ್ಷ, ಯಾರೂ ಏನೂ ಕೇಳುವುದಿಲ್ಲ. ಔಷಧಿ ಅಂಗಡಿಯಲ್ಲಿ ಯಾರಾದರೂ ಮುಖ ತಿರುಗಿಸಿದರೆ ಬೇರೆ ಅಂಗಡಿಗೆ ಹೋದರಾಯಿತು. "ಹತ್ತು ನಿಮಿಷ ಕೊಡಿ ಸಾರ್," ಎಂದು ಎದ್ದ. "ಯಾಕೆ?" "ಮುಖ ತೊಳ್ಕೊಂಡು ಬರ್ತೀನಿ."

ಕಿವಿಯಣ್ಣ ಕೈತೊಳೆಯುವ ತೊಟ್ಟಿಯ ಬಳಿಯೇ ಇದ್ದ. ಬಲತೋಳನ್ನು ಮೇಲೆತ್ತಿಕೊಂಡು, ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೆಯುತ್ತಿದ್ದ ಚರ್ಮದ ಮೇಲೆ ನಲ್ಲಿ ನೀರನ್ನು ಮೆಲ್ಲಗೆ ಹರಿಯಬಿಡುತ್ತಿದ್ದ. ಹೆಜ್ಜೆ ಸದ್ದಿಗೆ ತೋಳು ಇಳಿಸಿದ. ಅವನು ಪಕ್ಕದ ನಲ್ಲಿ ತಿರುಗಿಸಿದ; ನೀರು ಬರಲಿಲ್ಲ. "ನೀನು ಲೀಕ್ ಅಂದಿದ್ದೇ ತಪ್ಪಾಯ್ತು ಅಂತಿದಾರೆ," ಎಂದ. ಹೀಗೆ ಶುರು ಮಾಡಬೇಕೆಂದಿರಲಿಲ್ಲ. ಕಿವಿಯಣ್ಣ ತಿರುಗಿ ನೇರ ನೋಡಿದ, ಆರು ವಾರದಲ್ಲಿ ಮೊದಲ ಸಲ. "ನಾನು ಲೀಕ್ ಅನ್ಲಿಲ್ಲ ಸಾರ್. ಸದ್ದಿದೆ ಅಂದೆ. ಬಂದು ಕೇಳಿ ಅಂದೆ. ಇಬ್ಬರು ಕೇಳಿದ್ರೆ ಗೊತ್ತಾಗ್ತಿತ್ತು." "ನಾನು ಅಂದ್ಕೊಂಡೆ..." "ನೀವೇನೋ ಅಂದ್ಕೊಂಡ್ರಿ. ಅವತ್ತೂ ನೀವು ಬರ್ಲಿಲ್ಲ, ಇವತ್ತೂ ಬರ್ಲಿಲ್ಲ. ಅವತ್ತು ಬೇಡ ಅಂದ್ರಿ, ಇವತ್ತು ಸೈ ಅಂದ್ರಿ. ನನಗೆ ಎರಡೂ ಒಂದೇ." ತೊಟ್ಟಿಯಲ್ಲಿ ಬೂದಿನೀರು ಸುತ್ತಿ ಸುತ್ತಿ ಇಳಿಯುತ್ತಿತ್ತು. ಇಷ್ಟು ದಿನ ಅವನು ಬಚ್ಚಿಟ್ಟಿದ್ದು ಆಗ, ಏನೂ ಸಿದ್ಧತೆಯಿಲ್ಲದೆ, ಹೊರಬಿತ್ತು. "ಅವತ್ತು ನೀನು ಮಧ್ಯಾಹ್ನವೇ ಹೇಳಿದ್ದೆ. ನನಗೆ ಕೇಳಿಸಿತ್ತು. ಅವರ ಮುಂದೆ ಇಲ್ಲ ಅಂದೆ." ಹೇಳಿ, ಏನಾದರೂ ಆಗುತ್ತದೆಂದು ಕಾದ. ಕಿವಿಯಣ್ಣ ನಲ್ಲಿ ನಿಲ್ಲಿಸಿದ. ತೋಳಿನ ಗುಂಡಿಯನ್ನು ಎಡಗೈಯಲ್ಲೇ ಕಷ್ಟಪಟ್ಟು ಹಾಕಿಕೊಂಡ. "ಅದು ನನಗೆ ಗೊತ್ತಿರೋದೇ ಸಾರ್. ನನಗೆ ಹೇಳಿ ಏನ್ ಬಂತು? ಬರೆದ್ಕೊಡಿ."

ಅವನು ಕಂಟ್ರೋಲ್ ರೂಮಿನ ಮೂಲೆಯ ಮೇಜಿಗೆ ಹೋಗಿ ಎರಡು ಬಿಳಿ ಹಾಳೆ ತೆಗೆದುಕೊಂಡ. ಅಪಘಾತದ ದಿನ ಮಧ್ಯಾಹ್ನ ಎರಡೂವರೆಗೆ ಸದ್ದಿನ ಬಗ್ಗೆ ಗಾಯಗೊಂಡ ಆಪರೇಟರ್ ನನಗೆ ತಿಳಿಸಿದ್ದರು. ನಾನು ಕ್ರಮ ತೆಗೆದುಕೊಳ್ಳಲಿಲ್ಲ. ಸಂಜೆ ಅವರನ್ನು ಮತ್ತೆ ಅಲ್ಲಿಗೆ ಕಳಿಸಿದ್ದು ನಾನು. ವಿಚಾರಣೆಯಲ್ಲಿ ಸುಳ್ಳು ಹೇಳಿದೆ. ಇವತ್ತು ಯೂನಿಟ್ ಟ್ರಿಪ್ ಮಾಡಿ ನಿಲ್ಲಿಸಿದ್ದು ನನ್ನ ನಿರ್ಧಾರ. ಅವರು ಲೀಕ್ ಎಂದು ಹೇಳಿಲ್ಲ, ಡೆಸ್ಕ್ ಇಂಜಿನಿಯರ್ ತಡೆಯಲು ನೋಡಿದರೂ ನಾನು ಕೇಳಲಿಲ್ಲ. ಅದನ್ನೇ ಎರಡನೇ ಹಾಳೆಗೂ ಇಳಿಸಿದ. ಇಷ್ಟೇನಾ ಅನಿಸಿತು, ಆರು ವಾರ ನಿದ್ದೆ ಕೆಡಿಸಿದ್ದು ಒಂದು ಪುಟವೂ ತುಂಬಿರಲಿಲ್ಲ.

ಮುಖ್ಯ ಇಂಜಿನಿಯರರು ಕನ್ನಡಕ ಹಣೆಗೇರಿಸಿ ಓದಿದರು. ಮತ್ತೊಮ್ಮೆ ಓದಿದರು. "ಹುಚ್ಚು ಹಿಡಿದಿದೆಯೇನ್ರೀ? ಇದನ್ನ ನಾನು ಮೇಲೆ ಕಳಿಸಿದ್ರೆ ನಾಳೆಯಿಂದ ನೀವು ಡೆಸ್ಕಿನ ಹತ್ರ ಬರೋಹಾಗಿಲ್ಲ. ವಿಚಾರಣೆ ನಿಮ್ಮ ಮೇಲೆ ತಿರುಗುತ್ತೆ. ವಾಪಸ್ ತಗೊಳ್ಳಿ." "ಕಳಿಸಿ ಸಾರ್." "ಮನೇಲಿ ಹೇಳಿದ್ದೀರಾ?" "ಇಲ್ಲ. ಹೇಳ್ಬೇಕು." ಅವರು ಹಾಳೆಯನ್ನು ಮೇಜಿನ ಆಚೆ ತುದಿಗೆ, ಕೈಗೆ ಅಂಟುವಂಥದ್ದೇನೋ ಎಂಬಂತೆ ಸರಿಸಿ, "ಹೋಗಿ ನೀವು," ಎಂದರು. ಅವರು ಹೀಗೆ ಏಕವಚನಕ್ಕೂ ಇಳಿಯದೆ, ದನಿಯನ್ನೂ ಏರಿಸದೆ, ಅವನನ್ನು ಪೂರ್ತಿ ಕೈಬಿಟ್ಟಿದ್ದು ಅದೇ ಮೊದಲು.

ಕಿವಿಯಣ್ಣ ಮೊಗಸಾಲೆಯ ಬೆಂಚಿನ ಮೇಲೆ ಕೂತಿದ್ದ. ಒಳಗೆ ಡೆಸ್ಕ್ ಇಂಜಿನಿಯರ್ ಯಾರನ್ನೋ ಎಣ್ಣೆಯ ಒತ್ತಡ ಕೇಳುತ್ತಿದ್ದುದು, ಫ್ಯಾನುಗಳು ಮತ್ತೆ ವೇಗ ಹಿಡಿಯುತ್ತಿದ್ದುದು ಕೇಳುತ್ತಿತ್ತು. ಅವನು ಎರಡನೇ ಹಾಳೆ ಕೊಟ್ಟ. ಕಿವಿಯಣ್ಣ ಅದನ್ನು ತೊಡೆಯ ಮೇಲೆ ಹರಡಿಕೊಂಡು, ಒಂದೊಂದೇ ಪದಕ್ಕೆ ಬೆರಳಿಟ್ಟು, ತುಟಿಯಲ್ಲೇ ಓದಿದ. ಅವನು ಎದುರಿಗೆ ನಿಂತೇ ಇದ್ದ, ಕ್ಷಮಿಸಿದೆ ಎನ್ನುವುದು ಬೇಡ, ಒಂದು ಹೂಂ ಆದರೂ ಬರಲಿ ಎಂದು. ಬೆರಳು ಮೊದಲ ಸಾಲಿನಲ್ಲೇ ವಾಪಸ್ಸು ಬಂದು ನಿಂತಿತು.

"ಇದು ತಪ್ಪಿದೆ ಸಾರ್. ಎರಡೂವರೆ ಅಲ್ಲ. ನಾನು ಹೇಳಿದ್ದು ಎರಡು ಇಪ್ಪತ್ತಕ್ಕೆ."

"ಹತ್ತು ನಿಮಿಷ ತಾನೇ..." ಎನ್ನಲು ಹೋಗಿ ತಡೆದುಕೊಂಡ. ಜೇಬಿನಿಂದ ಪೆನ್ನು ತೆಗೆದು, ಬಗ್ಗಿ, ಬೆಂಚಿನ ಮೇಲೆಯೇ ಎರಡೂವರೆಯನ್ನು ಹೊಡೆದು ಎರಡು ಇಪ್ಪತ್ತು ಎಂದು ಬರೆದು, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದ.

"ಅವರಿಗೆ ಕೊಟ್ಟಿದ್ರಲ್ಲಿ?"

"ಅದ್ರಲ್ಲೂ ಎರಡೂವರೆ ಅಂತಲೇ ಇದೆ."

"ಹಾಗಾದ್ರೆ ಅದನ್ನೂ ತಿದ್ದಿಸಿ ಸಾರ್," ಎಂದ ಕಿವಿಯಣ್ಣ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಏಳಲಿಲ್ಲ.

ಅವನು ಮೊಗಸಾಲೆಯುದ್ದಕ್ಕೂ ವಾಪಸ್ಸು ನಡೆದು, ಈಗಷ್ಟೇ ತನ್ನ ಹಿಂದೆ ಮುಚ್ಚಿಕೊಂಡಿದ್ದ ಬಾಗಿಲನ್ನು ಮತ್ತೆ ತಟ್ಟಿದ.